ನೊಬೆಲ್ ಎಂಬ ಮನೆತನದ ಹೆಸರು

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: “ಆಲ್ಫ್ರೆಡ್ ನೊಬೆಲ್ ಅವರ ಮನೆತನದ ಹೆಸರಿಗೆ ‘ಉದಾತ್ತ’ ಎಂಬ ಅರ್ಥವಿದೆಯೆಂದೂ, ಅದು ಸ್ವೀಡನ್ನಿನ ರಾಜ ಕೊಟ್ಟ ಬಿರುದೆಂದೂ ಒಂದು ಭಾಷಣದಲ್ಲಿ ಕೇಳಿದೆ. ಇದು ನಿಜವೇ? ಕನ್ನಡದಲ್ಲಿ ನೊಬೆಲ್ ಎಂದು ಬರೆಯಬೇಕೋ, ನೋಬಲ್ ಎಂದೋ?”

ಮಾನ್ಯರೇ,

ತಾವು ಕೇಳಿದ ಎರಡು ಮಾತುಗಳೂ ನಿಜವಲ್ಲ. ಆ ಹೆಸರು ಬಂದದ್ದು ಸ್ವೀಡನ್ನಿನ ದಕ್ಷಿಣ ತುದಿಯ ಸ್ಕೋನೆ ಪ್ರಾಂತ್ಯದಲ್ಲಿರುವ ಓಸ್ಟ್ರಾ ನೊಬ್ಬೆಲೆವ್ ಎಂಬ ಹಳ್ಳಿಯಿಂದ. 1655ರಲ್ಲಿ ಅಲ್ಲಿನ ರೈತ ಕುಟುಂಬದಲ್ಲಿ ಆಲ್ಫ್ರೆಡ್ ಅವರ ಪೂರ್ವಜ ಪೆಟ್ರುಸ್ ಹುಟ್ಟಿದಾಗ ಸ್ಕೋನೆ ಇನ್ನೂ ಡೆನ್ಮಾರ್ಕಿನ ವಶದಲ್ಲಿತ್ತು. 1658ರ ರೋಸ್ಕಿಲ್ಡೆ ಒಪ್ಪಂದದ ನಂತರವೇ ಅದು ಸ್ವೀಡನ್ನಿಗೆ ಸೇರಿತು. ರೈತರಿಗೆ ಆಗ ತಲೆಮಾರಿನಿಂದ ತಲೆಮಾರಿಗೆ ಸಾಗುವ ಮನೆತನದ ಹೆಸರು ಇರುತ್ತಿರಲಿಲ್ಲ. ತಂದೆಯ ಹೆಸರಿಗೆ ‘ಮಗ’ ಎಂಬ ಅರ್ಥದ ‘ಸೊನ್’ ಸೇರಿಸಿ ಮಗನನ್ನು ಗುರುತಿಸುತ್ತಿದ್ದರು. ಆದ್ದರಿಂದ ಅಜ್ಜ, ತಂದೆ, ಮೊಮ್ಮಗ ಮೂವರ ಹೆಸರಿನ ಕೊನೆಯ ಭಾಗವೂ ಬೇರೆಬೇರೆಯಾಗಿರುತ್ತಿತ್ತು. ಓಲೋಫನ ಮಗನಾದ ಪೆಟ್ರುಸ್, ಲ್ಯಾಟಿನ್ ರೀತಿಯಲ್ಲಿ, ಪೆಟ್ರುಸ್ ಓಲೈ ಆಗಿದ್ದ.

ಆದರೆ ವಿಶ್ವವಿದ್ಯಾಲಯ ಸೇರುವ ಹಳ್ಳಿಯ ಹುಡುಗರಲ್ಲಿ ಇನ್ನೊಂದು ರೂಢಿಯಿತ್ತು. ಹುಟ್ಟೂರು, ಹೊಲಮನೆ ಅಥವಾ ಮನೆಯ ಹತ್ತಿರದ ಮರದ ಹೆಸರಿಗೆ ಲ್ಯಾಟಿನ್ ಪ್ರತ್ಯಯ ಹಚ್ಚಿ ಅವರು ವಿದ್ವಾಂಸರಿಗೆ ಒಪ್ಪುವ ಹೆಸರೊಂದನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. 1682ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯ ಸೇರಿದ ಪೆಟ್ರುಸ್ ತನ್ನ ಊರಿನ ಹೆಸರಿನಿಂದ ‘ನೊಬೆಲಿಯುಸ್’ ಎಂಬ ಹೆಸರನ್ನು ಮಾಡಿಕೊಂಡ. ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಅವರ ಹೆಸರಿನ ಕಥೆಯೂ ಇದೇ ಬಗೆಯದು: ಅವರ ತಂದೆ ನಿಲ್ಸ್ ಇಂಗೆಮಾರ್ಸೊನ್ ತಮ್ಮ ಮನೆತನದ ಜಮೀನಿನಲ್ಲಿದ್ದ ದೊಡ್ಡ ಲಿಂಡೆನ್ ಮರದ ಹೆಸರಿನಿಂದ ಅದನ್ನು ರೂಪಿಸಿಕೊಂಡಿದ್ದರು. ಹಾಗೆ ಮಾಡದಿದ್ದರೆ ಮಗ ಕಾರ್ಲ್ ನಿಲ್ಸೊನ್ ಎಂದೇ ಉಳಿಯುತ್ತಿದ್ದರು, ಶ್ರೀಗಂಧ, ಮಾವು, ತೆಂಗುಗಳ ಶಾಸ್ತ್ರೀಯ ಹೆಸರಿನ ಕೊನೆಗೆ, ಆ ಹೆಸರಿಟ್ಟವರು ಲಿನ್ನೇಯಸ್ ಎಂದು ಸೂಚಿಸಲು, ನಾವು ಕಾಣುವ ‘ಎಲ್’ ಎಂಬ ಅಕ್ಷರವೂ ಬೇರೆಯಾಗಿರುತ್ತಿತ್ತು.

ಪೆಟ್ರುಸ್ ಮುಂದೆ ನ್ಯಾಯಾಧೀಶನಾಗಿ, ಖ್ಯಾತ ವಿದ್ವಾಂಸ ಓಲೋಫ್ ರುಡ್‌ಬೆಕ್ ಅವರ ಮಗಳು ವೆಂಡೆಲಾಳನ್ನು ಮದುವೆಯಾದ. ಸೈನ್ಯದಲ್ಲಿ ವೈದ್ಯ ಸೇವೆ ಮಾಡಿದ ಅವನ ಮೊಮ್ಮಗ ಇಮ್ಯಾನುಯೆಲ್‌ನ ಕಾಲದಲ್ಲಿ ಲ್ಯಾಟಿನ್ ಬಾಲ ಕಳಚಿ ‘ನೊಬೆಲ್’ ಉಳಿಯಿತು. ಆ ಇಮ್ಯಾನುಯೆಲ್‌ನ ಮೊಮ್ಮಗನೇ 1833ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಆಲ್ಫ್ರೆಡ್. ರಸಾಯನಶಾಸ್ತ್ರಜ್ಞರು ಅವರ ಗೌರವಾರ್ಥ 102ನೆಯ ಧಾತುವಿಗೆ ‘ನೊಬೆಲಿಯಂ’ ಎಂದು ಹೆಸರಿಟ್ಟಾಗ, ಕಳಚಿಬಿದ್ದ ಬಾಲದಂಥದೇ ಒಂದು ಮತ್ತೆ ಆ ಹೆಸರಿಗೆ ಅಂಟಿತೆಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ರಾಜನ ಬಿರುದಿನ ಮಾತಿಗೆ ಆಧಾರವಿಲ್ಲ. ಲಿನ್ನೇಯಸ್ ಅವರಿಗೆ ಕುಲೀನ ಪದವಿ ದೊರೆತಾಗ ಅವರು ‘ಫೊನ್ ಲಿನ್ನೆ’ ಆದರು; ನೊಬೆಲ್ ಮನೆತನಕ್ಕೆ ಅಂಥ ಪದವಿ ಸಿಗಲಿಲ್ಲ. ಉದಾತ್ತ ಎಂಬ ಅರ್ಥದ ಲ್ಯಾಟಿನ್ ಪದ ‘ನೊಬಿಲಿಸ್’ ಪೆಟ್ರುಸನ ಕಿವಿಯಲ್ಲಿ ಇದ್ದಿರಬಹುದು, ಆ ಹೋಲಿಕೆ ಅವನಿಗೆ ಹಿತವೆನಿಸಿಯೂ ಇರಬಹುದು. ಆದರೆ ಹೆಸರಿನ ಮೂಲ ಊರಿನಲ್ಲಿದೆ. ದನಿಯ ಹೋಲಿಕೆಯನ್ನೇ ಮೂಲವೆಂದು ಸಾರಿದರೆ, ವಿದ್ಯೆಯ ಬಲದಿಂದ ಮೇಲೆ ಬಂದರೂ ತನ್ನ ಹಳ್ಳಿಯನ್ನು ಹೆಸರಿನಲ್ಲಿ ಹೊತ್ತು ನಡೆದ ರೈತರ ಮಗನೊಬ್ಬನ ಚರಿತ್ರೆ ಅಳಿಸಿಹೋಗುತ್ತದೆ. ಹುಬ್ಬಳ್ಳಿ, ಬಾದಾಮಿ ಎಂಬ ಅಡ್ಡಹೆಸರುಗಳನ್ನು ಬಲ್ಲ ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಬರವಣಿಗೆಯ ವಿಷಯ. ಸ್ವೀಡಿಷ್ ಭಾಷಿಕರು ಈ ಹೆಸರಿನ ಎರಡನೆಯ ಅಕ್ಷರಕ್ಕೆ ಒತ್ತು ಕೊಟ್ಟು, ‘ಬೆಲ್’ ಎಂಬುದನ್ನು ಸ್ಪಷ್ಟವಾಗಿ ಉಚ್ಚರಿಸುತ್ತಾರೆ. ‘ನೋಬಲ್’ ಎಂಬುದು ಇಂಗ್ಲಿಷಿನ ಬೇರೊಂದು ಪದದ ಉಚ್ಚಾರಣೆ. ತಾವು ಕೇಳಿದ ತಪ್ಪು ಅರ್ಥಕ್ಕೂ ಅದೇ ದಾರಿಮಾಡಿಕೊಟ್ಟಿರಬೇಕು. ಆದ್ದರಿಂದ ತಾವೇ ಮೊದಲು ಬರೆದಿರುವ ‘ನೊಬೆಲ್’ ಸರಿಯಾದ ರೂಪ, ನಮ್ಮ ಪತ್ರಿಕೆಯ ಪುಟಗಳಲ್ಲೂ ಅದನ್ನೇ ಬಳಸುತ್ತೇವೆ.

– ಸಂಪಾದಕ