ಗೋಪುರ ಹತ್ತಿ ಹತ್ತಿ ಸಾಕಾಗಿದೆ
ದೊಡ್ಡ ಲೋಕದಲ್ಲಿ ಬೇಕಾದ ಕಡೆ ಸುತ್ತಾಡಲು ಬಿಡುವ ಓಪನ್ ವರ್ಲ್ಡ್ ವಿಡಿಯೋ ಗೇಮ್‌ಗಳೆಲ್ಲ ಯಾಕೆ ಒಂದೇ ತರ ಅನ್ನಿಸುತ್ತವೆ ಅಂತ ಕೇಳಿದ್ದೀರಿ. ನನಗೆ ಮುಖ್ಯ ಕಾರಣ ಗೋಪುರವೇ. 2007ರ ಅಸ್ಯಾಸಿನ್ಸ್ ಕ್ರೀಡ್‌ನಲ್ಲಿ ಎತ್ತರಕ್ಕೆ ಹತ್ತಿದರೆ ಸುತ್ತಲಿನ ಜಾಗದ ಮ್ಯಾಪ್ ತೆರೆಯುತ್ತಿತ್ತು. 2012ರ ಫಾರ್ ಕ್ರೈ 3ರಲ್ಲಿ ಅದೇ ರೇಡಿಯೋ ಟವರ್ ಆಯಿತು. ಹತ್ತಿದ ಕೂಡಲೇ ಮ್ಯಾಪ್ ತುಂಬ ಗುರುತುಗಳು. ಆಮೇಲೆ ನಾವು ಏನನ್ನೂ ಹುಡುಕುವುದಿಲ್ಲ, ಸುಮ್ನೆ ಪಟ್ಟಿ ಮುಗಿಸುತ್ತೇವೆ. 2017ರ ಬ್ರೆತ್ ಆಫ್ ದಿ ವೈಲ್ಡ್‌ನಲ್ಲೂ ಗೋಪುರವಿದೆ. ಆದರೆ ಅಲ್ಲಿ ಮೇಲೆ ನಿಂತು, ಕಣ್ಣಿಗೆ ಬಿದ್ದ ಜಾಗಕ್ಕೆ ನಾವೇ ಗುರುತು ಹಾಕಬೇಕು. ಹುಡುಕಾಟ ಅಂದರೆ ಅದೇ ಅಲ್ವಾ?

ಈ ಗೇಮ್‌ಗಳಲ್ಲಿ ಜಾಂಬಿ (ಎದ್ದು ಓಡಾಡುವ ಹೆಣ) ತುಂಬಿದ ಪಾಳು ಊರುಗಳೂ ಜಾಸ್ತಿಯಾದವು. ನಾನು ಗಂಗಾವತಿಯವನು. ನಮ್ಮ ಹಿರೇಬೆಣಕಲ್ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ನೂರಾರು ಕಲ್ಲುಗೋರಿಗಳಿವೆ, ದೊಡ್ಡ ಚಪ್ಪಡಿ ನಿಲ್ಲಿಸಿ ಕಟ್ಟಿದವು. ಅಂಥ ಜಾಗದಲ್ಲಿ ಒಂದು ಗೇಮ್ ಬಂದರೆ ಮೊದಲ ದಿನವೇ ಕೊಳ್ಳುತ್ತೇನೆ.