ನಿಮ್ಮ ಸಹಿಯಿಂದ ಅವನು ಹೋಗಲಿಲ್ಲ ಅಕ್ಕಾ

ವಿರಾಜಪೇಟೆ ಕಡೆಯಿಂದ ಒಬ್ಬ ತಾಯಿ ನಮಗೆ ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಕಳೆದ ಮಳೆಗಾಲದಲ್ಲಿ ಅವರ 21 ವರ್ಷದ ಮಗ ಮಡಿಕೇರಿಯಿಂದ ಮನೆಗೆ ಬರುವಾಗ ತಿರುವಿನಲ್ಲಿ ಬೈಕ್ ಜಾರಿ ಬಿದ್ದ. ತಲೆಗೆ ಪೆಟ್ಟು. ಮೈಸೂರಿಗೆ ಕರೆದೊಯ್ದರು, ಅಲ್ಲಿ ಮೆದುಳು ಸತ್ತಿದೆ ಎಂದರು. ಅಪ್ಪ ಅಮ್ಮ ಅಂಗದಾನಕ್ಕೆ ಒಪ್ಪಿದರು. ಈಗ ಊರಲ್ಲಿ ಕೆಲವರು ದುಡ್ಡು ತಗೊಂಡಿದ್ದಾರೆ ಅಂತಾರಂತೆ. ಅತ್ತೆಗೆ ಮೊಮ್ಮಗ ಕಾರೋಣರ, ಅಂದರೆ ತೀರಿಹೋದ ಮನೆತನದ ಹಿರಿಯರ, ಜೊತೆ ಸೇರಲಿಲ್ಲವೇನೋ ಎಂಬ ಚಿಂತೆ. ಪಿಯುಸಿ ಓದುವ ಮಗಳು ಮಾತೇ ಬಿಟ್ಟಿದ್ದಾಳೆ. ಮಗನ ಹೃದಯ ಯಾರಲ್ಲಿದೆ, ಒಮ್ಮೆ ನೋಡಬಹುದಾ ಎಂದು ಕೇಳಿದ್ದಾರೆ. ಪತ್ರದ ಕೊನೆಯಲ್ಲಿ, ಬೇರೆ ಬಣ್ಣದ ಪೆನ್ನಿನಲ್ಲಿ ಒಂದು ಸಾಲು: 'ಅವನ ಕೈ ಬಿಸಿ ಇರುವಾಗಲೇ ಸಹಿ ಹಾಕಿದೆನಲ್ಲಾ, ನಾನೇ ಕಳಿಸಿಬಿಟ್ಟೆನಾ?'

ಅಕ್ಕಾ, ಆ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಇಲ್ಲ. ನೀವು ಕಳಿಸಲಿಲ್ಲ. ನೀವು ಪೆನ್ನು ಹಿಡಿಯುವ ಮೊದಲೇ ಅವನು ಹೋಗಿಯಾಗಿತ್ತು.

ಕೈ ಯಾಕೆ ಬಿಸಿ ಇತ್ತು ಅಂದರೆ, ಹೃದಯಕ್ಕೆ ತನ್ನದೇ ಮಿಡಿತ ಇರುತ್ತದೆ, ಅದಕ್ಕೆ ಮೆದುಳಿನ ಅಪ್ಪಣೆ ಬೇಕಿಲ್ಲ. ಆಮ್ಲಜನಕ ಸಿಗುವವರೆಗೆ ಬಡಿಯುತ್ತದೆ. ಉಸಿರಾಟ ಹಾಗಲ್ಲ, ಅದನ್ನು ನಡೆಸುವುದು ಮೆದುಳಿನ ಕಾಂಡ. ಅದು ಸತ್ತ ಮೇಲೆ ಅವನ ಎದೆ ಏರಿ ಇಳಿಯುತ್ತಿದ್ದದ್ದು ವೆಂಟಿಲೇಟರ್ ತಳ್ಳುತ್ತಿದ್ದ ಗಾಳಿಯಿಂದ. ಗಾಳಿ ಹೋಗುತ್ತಿತ್ತು, ರಕ್ತ ಓಡುತ್ತಿತ್ತು, ಕೈ ಬೆಚ್ಚಗಿತ್ತು. ಕೋಮಾದಲ್ಲಿ ಇರುವವರು ಎದ್ದು ಬಂದ ಕಥೆ ಎಲ್ಲರೂ ಕೇಳಿರುತ್ತೇವೆ, ಅದಕ್ಕೇ ನಿಮಗೂ ಈ ಕೊರಗು ಹತ್ತಿದೆ. ಕೋಮಾದಲ್ಲಿ ಮೆದುಳಿಗೆ ಇನ್ನೂ ಜೀವ ಇರುತ್ತದೆ. ಇಲ್ಲಿ ಇರಲಿಲ್ಲ.

ಇದನ್ನು ಒಬ್ಬ ಡಾಕ್ಟರ್ ಸುಮ್ನೆ ನೋಡಿ ಹೇಳಿಬಿಡುವ ಹಾಗಿಲ್ಲ. 1994ರ ಅಂಗ ಕಸಿ ಕಾಯ್ದೆ ಪ್ರಕಾರ ನಾಲ್ವರು ವೈದ್ಯರು ಸೇರಿ ಬರೆದುಕೊಡಬೇಕು, ಅಂಗ ಕಸಿ ಮಾಡುವ ತಂಡದವರು ಯಾರೂ ಅದರಲ್ಲಿ ಇರಕೂಡದು. ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಾರೆ, ಕಣ್ಣುಗುಡ್ಡೆಗೆ ಹತ್ತಿ ಎಳೆ ತಾಗಿಸುತ್ತಾರೆ, ಕಿವಿಗೆ ತಣ್ಣೀರು ಬಿಡುತ್ತಾರೆ, ಕೊನೆಗೆ ವೆಂಟಿಲೇಟರ್ ಬಿಡಿಸಿ, ಆಮ್ಲಜನಕ ಮಾತ್ರ ಕೊಡುತ್ತಾ, ತಾನಾಗಿ ಒಂದಾದರೂ ಉಸಿರು ತೆಗೆಯುತ್ತಾನಾ ಎಂದು ಕಾಯುತ್ತಾರೆ. ಕನಿಷ್ಠ 6 ಗಂಟೆ ಬಿಟ್ಟು ಇದನ್ನೆಲ್ಲ ಮತ್ತೊಮ್ಮೆ ಮಾಡುತ್ತಾರೆ. 'ಸಂಜೆ ಒಂದು ಸಲ ಪರೀಕ್ಷೆ ಮಾಡಿದ್ದರು, ರಾತ್ರಿ ಪುನಃ ಯಾಕೆ ಮಾಡಿದರೋ' ಎಂದು ಬರೆದಿದ್ದೀರಿ. ಇದಕ್ಕೇ ಮಾಡಿದ್ದು. ನಿಮ್ಮ ಕೈಗೆ ಒಪ್ಪಿಗೆ ಪತ್ರ ಬಂದದ್ದು ಅದಾದ ಮೇಲೆ.

ದುಡ್ಡಿನ ಮಾತು ಆಡುವವರಿಗೆ ನೇರವಾಗಿ ಹೇಳುತ್ತೇನೆ, ಅವರೂ ನಮ್ಮ ಪತ್ರಿಕೆ ಓದುತ್ತಾರೆ. ಅಂಗ ಮಾರುವುದು, ಕೊಳ್ಳುವುದು ಅಪರಾಧ. 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿವರೆಗೆ ದಂಡ. ಒಪ್ಪಿಗೆ ಕೊಟ್ಟ ನಂತರದ ಖರ್ಚನ್ನು ದಾನಿಯ ಮನೆಯವರ ಮೇಲೆ ಹಾಕಬಾರದು ಎಂದು ನಿಯಮವೇ ಇದೆ, 'ಬಿಲ್ ಮಾಫಿ ಆಯ್ತಂತೆ' ಎಂಬ ಮಾತು ಹುಟ್ಟಿದ್ದು ಇದರಿಂದಲೇ ಇರಬೇಕು. ಅದಕ್ಕೂ ಮುಂಚಿನ ಚಿಕಿತ್ಸೆಯ ದುಡ್ಡು ನೀವೇ ಕಟ್ಟಿದ್ದೀರಿ, ಒಳ್ಳೆಮೆಣಸು ಮಾರಿ. ಮಗನನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ಲೆಕ್ಕ ಹಾಕುವವರಿಗೆ ನಾಚಿಕೆ ಆಗಬೇಕು.

ಅತ್ತೆಯವರ ಚಿಂತೆ ಬೇರೆ, ಅದರಲ್ಲಿ ಪ್ರೀತಿ ಇದೆ. ಅವರಿಗೆ ಕಾಯ್ದೆ ಓದಿ ಹೇಳಿ ಪ್ರಯೋಜನ ಇಲ್ಲ. ಪಕ್ಕದಲ್ಲಿ ಕೂತು ಕೇಳಿ: ಗುಂಡು ಹಾರಿಸಿ ಊರಿಗೆ ತಿಳಿಸಿದ್ದಾಯಿತು, ತಿಥಿಯ ಮಾದ ಆಯಿತು, ಅಸ್ಥಿ ಭಾಗಮಂಡಲದ ಸಂಗಮದಲ್ಲಿ ಬಿಟ್ಟದ್ದಾಯಿತು, ಅವನಿಗೆ ಯಾವುದು ಕಡಿಮೆಯಾಯಿತು ಅವ್ವ? ಕಿಡ್ನಿ ಇಟ್ಟುಕೊಂಡು ಹೋದವರದ್ದೂ ಚಿತೆಯಲ್ಲಿ ಬೂದಿಯೇ ಅಲ್ವಾ. ಡಾ. ರಾಜ್‌ಕುಮಾರ್ ಹೋದಾಗ, 2006ರಲ್ಲಿ, ಅವರ ಕಣ್ಣು ಕೊಟ್ಟರು. 2021ರಲ್ಲಿ ಪುನೀತ್ ಅವರ ಕಣ್ಣು ಕೊಟ್ಟರು, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಪದರ ಬಿಡಿಸಿ ನಾಲ್ಕು ಜನರಿಗೆ ಹಾಕಿದರು. ಅದೇ ವರ್ಷ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ನಿಮ್ಮ ಮಗನ ಹಾಗೆಯೇ ಹೋದಾಗ, ಅವರ ಮನೆಯವರೂ ನೀವು ಮಾಡಿದ್ದನ್ನೇ ಮಾಡಿದರು. ಇವರಿಗೆಲ್ಲ ಸದ್ಗತಿ ಇಲ್ಲ ಎನ್ನಲು ಅತ್ತೆಗೂ ಮನಸ್ಸು ಬಾರದು.

ಹೃದಯದ ವಿಷಯ. ಯಾರಿಗೆ ಹಾಕಿದರು ಎಂಬುದನ್ನು ಎರಡೂ ಕಡೆಯವರಿಗೆ ಹೇಳುವುದಿಲ್ಲ. ದುಡ್ಡಿನ, ಋಣದ ಒತ್ತಡ ಯಾರ ಮೇಲೂ ಬೀಳಬಾರದು ಎಂದು ಹಾಗೆ. ನಮ್ಮ ರಾಜ್ಯದಲ್ಲಿ ಅಂಗ ಯಾರಿಗೆ ಎಂದು ಸರದಿ ನೋಡಿ ಹಂಚುವುದು ಜೀವಸಾರ್ಥಕತೆ ಎಂಬ ಸಂಸ್ಥೆ. ಆಸ್ಪತ್ರೆಯಲ್ಲಿ ನಿಮ್ಮ ಜೊತೆ ಮಾತಾಡಿದ ಕೋಆರ್ಡಿನೇಟರ್ ಅವರನ್ನೇ ಕೇಳಿ, ಹೆಸರು ಬೇಡ, ಅವರು ಚೆನ್ನಾಗಿದ್ದಾರಾ ಅಷ್ಟು ಹೇಳಿ ಎಂದು. ಕೇಳುವ ಮೊದಲು ಒಂದು ಮಾತು, ಕಷ್ಟ ಆದರೂ ಹೇಳಲೇಬೇಕು. ಕಸಿ ಮಾಡಿದ್ದೆಲ್ಲ ನಿಲ್ಲುವುದಿಲ್ಲ. ಒಳ್ಳೆಯ ಸುದ್ದಿಯೇ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಬಾರದಿದ್ದರೂ ನೀವು ಕೊಟ್ಟದ್ದು ಕೊಟ್ಟದ್ದೇ, ಮಗ ಎರಡನೇ ಸಲ ಹೋದ ಎಂದುಕೊಳ್ಳಬೇಡಿ.

ಬಂದವರೆಲ್ಲ 'ಅವನು ಎಲ್ಲೋ ಬದುಕಿದ್ದಾನೆ' ಎನ್ನುತ್ತಾರೆ, ನನಗೆ ಸಮಾಧಾನ ಆಗುವುದಿಲ್ಲ ಎಂದಿದ್ದೀರಿ. ಹೇಗೆ ಆಗುತ್ತದೆ? ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತರುವಾಗ 'ಪೊಲಿ ಪೊಲಿ ದೇವಾ' ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ಹುಡುಗ ಅವನು. ಅವನ ಗಂಬೂಟು ಇನ್ನೂ ಹಿಂಬಾಗಿಲ ಹತ್ತಿರವೇ ಇದೆ, ತೋಟದ ಮಣ್ಣು ಒಣಗಿ ಅಂಟಿದೆ, ತೊಳೆಯಲು ಕೈ ಬರುತ್ತಿಲ್ಲ. ಬೇರೆಯವರ ಮನೆಯಲ್ಲಿ ದೀಪ ಉಳಿದದ್ದು ಸಂತೋಷವೇ. ನಿಮ್ಮ ಮನೆಯ ಜಾಗ ಖಾಲಿ ಇರುವುದೂ ನಿಜವೇ. ಅಳು ಬಂದರೆ ದಾನ ಮಾಡಿದ್ದಕ್ಕೆ ಪಶ್ಚಾತ್ತಾಪ ಎಂದು ಯಾರಾದರೂ ತಿಳಿದುಕೊಂಡರೆ ತಿಳಿದುಕೊಳ್ಳಲಿ. ನೀವು ಅಳಿ. ಗಂಬೂಟು ಅಲ್ಲೇ ಇರಲಿ. ಮತ್ತೆ, ಊರಿನವರಲ್ಲಿ ನನ್ನ ಬೇಡಿಕೆ, ಇವರನ್ನು ತ್ಯಾಗಮಯಿ ಎಂದು ಕರೆಯಬೇಡಿ, ಮನೆಗೆ ಹೋಗಿ ಹುಡುಗನ ಹೆಸರು ಹೇಳಿ ಮಾತಾಡಿ, ಅವನು ಹಾಕಿಯಲ್ಲಿ ಗೋಲು ಹೊಡೆದದ್ದು, ಬೈಸಿಕೊಂಡದ್ದು, ಏನಾದರೂ.

ಮಗಳದ್ದು ನನಗೆ ಜಾಸ್ತಿ ಕಳವಳ. ಎಲ್ಲರೂ ಅವಳಿಗೆ 'ಅಮ್ಮನನ್ನು ನೋಡಿಕೋ' ಎಂದೇ ಹೇಳಿರುತ್ತಾರೆ, ಅವಳನ್ನು ನೋಡಿಕೊಂಡವರು ಯಾರು? ಅವಳಿಗೂ ಅಣ್ಣ ಹೋಗಿದ್ದಾನೆ. ಸಹಿ ಹಾಕುವಾಗ ಅವಳನ್ನು ಕೇಳಿದ್ದಿರಾ, ನಿಮ್ಮ ಪತ್ರದಲ್ಲಿ ಇಲ್ಲ. ಕೇಳಿರದಿದ್ದರೆ ಈಗ ಕೂರಿಸಿ ಎಲ್ಲ ಹೇಳಿ, ನಾಲ್ವರು ವೈದ್ಯರ ವಿಷಯ, ಬಿಸಿ ಕೈ ವಿಷಯ. ಅವಳಿಗೂ ಅದೇ ಪ್ರಶ್ನೆ ಕೊರೆಯುತ್ತಿರಬಹುದು. 14416 ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಹೊತ್ತೂ ಎತ್ತುತ್ತಾರೆ. ಇಬ್ಬರೂ ಮಾಡಿ.

ಆಗಸ್ಟ್ 3ರ ಅಂಗದಾನ ದಿನಕ್ಕೆ ಶಾಲು ಹೊದಿಸಲು ಕರೆದಿದ್ದಾರೆ, ಹೋಗಲೇಬೇಕಾ ಎಂದಿದ್ದೀರಿ. ಮನಸ್ಸಿದ್ದರೆ ಹೋಗಿ, ನಿಮ್ಮನ್ನು ನೋಡಿ ಇನ್ನೊಂದು ಮನೆಯವರು ಧೈರ್ಯ ಮಾಡಬಹುದು. ಇಲ್ಲದಿದ್ದರೆ ಫೋನ್ ಮಾಡಿ 'ಈ ವರ್ಷ ಬರಲ್ಲ' ಎಂದುಬಿಡಿ. ಕಾರಣ ಹೇಳಬೇಕಾಗಿಲ್ಲ.