ಡಿಕ್ಟೇಶನ್ ತಪ್ಪಾದರೆ ಪದವೇ ಗೊತ್ತಿಲ್ಲ ಅಂತಲೇ?

ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುತ್ತಿರುವ ಎಂಟು ವರ್ಷದ ಮಕ್ಕಳು ಡಿಕ್ಟೇಶನ್‌ನಲ್ಲಿ ಅರ್ಧಕ್ಕರ್ಧ ತಪ್ಪು ಬರೆಯುತ್ತಾರೆ, ಪದಸಂಪತ್ತೇ ಇಲ್ಲವೇನೋ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಆ ತೀರ್ಮಾನಕ್ಕೆ ಬರಬೇಡಿ. ಡಿಕ್ಟೇಶನ್‌ನಲ್ಲಿ ಕಿವಿ, ನೆನಪು, ಸ್ಪೆಲಿಂಗ್ ಎಲ್ಲದರ ಪರೀಕ್ಷೆಯೂ ಆಗುತ್ತದೆ. ಅರ್ಥದ್ದು ಮಾತ್ರ ಆಗುವುದಿಲ್ಲ.

ಅರ್ಥ ಗೊತ್ತೇ ಎಂದು ನೋಡಲು ಬರೆಸಲೇಬೇಡಿ. ನಾಲ್ಕು ಚಿತ್ರ ಮುಂದಿಟ್ಟು ಪದ ಹೇಳಿ, ಸರಿಯಾದದ್ದನ್ನು ಬೆರಳಿಟ್ಟು ತೋರಿಸಲಿ. 1959ರಲ್ಲಿ ಮೊದಲು ಬಂದ, ಪದಸಂಪತ್ತನ್ನು ಅಳೆಯುವ ಅಮೆರಿಕದ ಪೀಬಾಡಿ ಚಿತ್ರಪರೀಕ್ಷೆಯ ಕ್ರಮವೂ ಇದೇ. ಆದರೆ ಅದರ ಅಂಕಗಳ ಮಾನದಂಡ ಅಮೆರಿಕದ ಮಕ್ಕಳನ್ನು ಪರೀಕ್ಷಿಸಿ ಮಾಡಿದ್ದು, ನಿಮ್ಮ ಮಕ್ಕಳನ್ನು ಅದರಲ್ಲಿ ಅಳೆಯಬೇಡಿ. ಊಹಿಸಿ ತೋರಿಸಿದರೂ ನಾಲ್ಕಕ್ಕೊಂದು ಸರಿಯಾಗಬಹುದು, ಹಾಗಾಗಿ ಇಪ್ಪತ್ತು ಪದಗಳಾದರೂ ಇರಲಿ. ‘ಶಿಪ್’ ಕೇಳುವಾಗ ಪಕ್ಕದಲ್ಲೇ ಕುರಿಯ (‘ಶೀಪ್’) ಚಿತ್ರ ಇಡಬೇಡಿ. ಆಗ ಮತ್ತೆ ಕಿವಿಯ ಪರೀಕ್ಷೆಯೇ ಆಗಿಬಿಡುತ್ತದೆ.

ಇನ್ನು ಸ್ಪೆಲಿಂಗ್. ಇಲ್ಲಿ ಸರಿ-ತಪ್ಪಿನ ಗುರುತು ಹಾಕಿ ಸುಮ್ಮನಾಗದೆ ಆ ತಪ್ಪನ್ನೇ ಓದಿ ನೋಡಿ. ರಾತ್ರಿ ಎನ್ನುವ ‘ನೈಟ್’ ಪದವನ್ನು ಒಂದು ಮಗು ಎನ್-ಐ-ಟಿ-ಇ ಎಂದು ಬರೆದಿದೆ ಅಂದುಕೊಳ್ಳಿ. ಅದಕ್ಕೆ ಮೂರೂ ಧ್ವನಿ ಸರಿಯಾಗಿ ಕೇಳಿಸಿವೆ, ಕೊನೆಯಲ್ಲಿ ಇ ಬಂದರೆ ‘ನಿಟ್’ ಎಂಬುದು ‘ನೈಟ್’ ಆಗುತ್ತದೆ ಎಂಬುದೂ ಗೊತ್ತು. ಉಚ್ಚಾರವಾಗದ ಜಿ-ಎಚ್ ಜೋಡಿಯೊಂದೇ ಬಾಕಿ. ಎನ್-ಟಿ-ಜಿ-ಐ ಎಂದು ಬರೆದ ಮಗು ಬಹುಶಃ ಅಕ್ಷರಗಳನ್ನು ಬಾಯಿಪಾಠ ಮಾಡಿದೆ, ಧ್ವನಿಗೆ ಹೊಂದಿಸಿಕೊಂಡಿಲ್ಲ. ಇಬ್ಬರಿಗೂ ಒಂದೇ ಸೊನ್ನೆ ಕೊಡುವುದು ಅನ್ಯಾಯ. 26 ಅಕ್ಷರಗಳಲ್ಲಿ ಸುಮಾರು 44 ಧ್ವನಿ ಹಿಡಿಸಬೇಕಾದ ಭಾಷೆ ಅದು, ಮಕ್ಕಳು ಎಡವುವುದು ಸಹಜ. ಅನುಮಾನ ಉಳಿದರೆ ‘ವಿಬ್’, ‘ಟೆಗ್’ ಥರದ ಅರ್ಥವಿಲ್ಲದ ಪದಗಳನ್ನು ಬರೆಸಿ, ಬಾಯಿಪಾಠ ಎಷ್ಟು, ತಿಳಿವಳಿಕೆ ಎಷ್ಟು ಎಂಬುದು ಅಲ್ಲೇ ಗೊತ್ತಾಗುತ್ತದೆ.